ಗೂಟ

ಅತ್ತೆ ಕಲ್ತೂಮಾ ಮರಗಳನ್ನು ಹೆಸರು ಹಿಡಿದು ಕರೆಯುತ್ತಿದ್ದಳು,
ಸಾಲ ತೀರಿಸದ ನೆಂಟರನ್ನು ಕರೆದ ಹಾಗೆ.
ಮೂರ್ಮದುವೆ. ಹಾಜಿಯ ಹೊಟ್ಟೆ. ಕುಂಟೊಂಟೆ.
ಕೊರ್ದೊಫಾನಿನ ಪಡುವಣ ಮರಳಲ್ಲಿ
ಒಂದು ತೆಬೆಲ್ದಿಯಿಂದ ಇನ್ನೊಂದಕ್ಕೆ ಒಂದು ದಿನದ ದಾರಿ.
ಬುಡವನ್ನು ಕೊರೆದು ಪೊಳ್ಳು ಮಾಡಿ
ಮಳೆಗಾಲದಲ್ಲಿ ನೀರು ತುಂಬಿ ಬಾಯಿ ಮುಚ್ಚಿಟ್ಟರೆ
ಮುಂದಿನ ಮಳೆಯವರೆಗೂ ಮರ ಉಸಿರೆತ್ತುವುದಿಲ್ಲ.

ಊರು ಬಿಟ್ಟದ್ದು ಇರುಳಲ್ಲಿ.
ಕತ್ತೆಯನ್ನು ಮೊದಲ ದಿನವೇ ಕಸಿದುಕೊಂಡರು.
ಡಬ್ಬದ ನೀರನ್ನು ಎರಡನೆಯ ದಿನ
ಎಡವಿ, ನಾನೇ ಚೆಲ್ಲಿದೆ.
ಅತ್ತೆ ಬೈಯಲಿಲ್ಲ.
ಬೈಯುವುದಕ್ಕೂ ಎಂಜಲು ಬೇಕು.

ಮೂರ್ಮದುವೆ ಸುಟ್ಟು ನಿಂತಿತ್ತು.
ಹಾಜಿಯ ಹೊಟ್ಟೆಯನ್ನು ಹತ್ತಿ, ಮುಚ್ಚಳ ಸರಿಸಿ,
ಒಳಗೆ ಇಣುಕಿದವಳು
ಸೆರಗಿನಿಂದ ಮೂಗು ಮುಚ್ಚಿ ಇಳಿದುಬಂದಳು.
ಏನಿತ್ತೆಂದು ನಾನು ಕೇಳಲಿಲ್ಲ.
ಇವತ್ತಿಗೂ ಕೇಳಿಲ್ಲ.

ನಾಲ್ಕನೆಯ ಮಧ್ಯಾಹ್ನ, ಕುಂಟೊಂಟೆ.
ಒಂದು ಬದಿಗೆ ವಾಲಿದ ಮುದಿ ದೇಹ.
ಎಲೆಯಿಲ್ಲ. ಇದ್ದ ನೆರಳೆಲ್ಲ ಬುಡದ್ದು.
ಅವಳಜ್ಜ ಹೊಡೆದ ಗೂಟಗಳು
ಬಾಯಿಯವರೆಗೂ ಏಣಿಯಾಗಿ ಹಾಗೇ ಇದ್ದವು,
ಹತ್ತುವ ಕಾಲುಗಳು ಮಾತ್ರ ನಮ್ಮಲ್ಲಿರಲಿಲ್ಲ.
ಸಂತೆಯಲ್ಲಿ ಕಲ್ಲಂಗಡಿ ಆರಿಸುವವಳಂತೆ
ಬೆರಳ ಗೆಣ್ಣಿನಿಂದ ಮರವನ್ನು ತಟ್ಟುತ್ತಾ ಸುತ್ತಿದಳು.
ತಲೆಯ ಮಟ್ಟಕ್ಕೆ ಬೊಳ್.
ಎದೆಯ ಮಟ್ಟಕ್ಕೆ ಬೊಳ್.
ಸೊಂಟದ ಹತ್ತಿರ, ದಪ್.
ಅಲ್ಲೇ ಕೈ ನಿಂತಿತು.

ನಾನು ಮೊದಲು ಕಂಡದ್ದು ಇರುವೆಗಳನ್ನು.
ಏರುವ ಸಾಲೊಂದು, ಇಳಿಯುವ ಸಾಲೊಂದು,
ನಡುವೆ ತೊಗಟೆಯ ಮೇಲೆ ಕಪ್ಪು ಗೆರೆ,
ಗೆರೆಯ ತುದಿಯಲ್ಲಿ ತೂತು.
ಗಾಡಿಯ ಮೇಲೆ ಕೂರಿಸುವ ದೊಡ್ಡ ಬಂದೂಕಿನದು.
ಮರದ ಮೇಲೆ ಯಾಕೆ ಹೊಡೆದರೋ,
ಬೇಸರಕ್ಕೆ ಇರಬೇಕು.
ಎಷ್ಟು ದಿನದಿಂದ ಸೋರುತ್ತಿತ್ತೋ,
ಹನಿ ಕೂಡಿ, ತೂಗಿ, ಬಿದ್ದು,
ಮತ್ತೆ ಕೂಡುತ್ತಿತ್ತು.

ಬಾಯಿಟ್ಟೆ.
ಹೋದ ವರ್ಷದ ಮಳೆ, ಬೆಚ್ಚಗೆ,
ನಾರಿನ ವಾಸನೆ, ಒಂದೆರಡು ಇರುವೆ.
"ಮೂರು ಗುಟುಕು. ಸಾಕು, ನಿಲ್ಲು.
ಹೊಟ್ಟೆ ನಂಬಲಿ ಮೊದಲು."
ತಾನು ಮಾತ್ರ ತೋಬಿನ ಅಂಚನ್ನು ತೂತಿಗೊತ್ತಿ
ಹಿಂಡಿ ಹಿಂಡಿ ಕುಡಿದಳು.
ಡಬ್ಬ ತುಂಬುವ ಹೊತ್ತಿಗೆ ಕತ್ತಲಾಗಿತ್ತು.

ಆಮೇಲೆ ತೂತು ಮುಚ್ಚಬೇಕೆಂದಳು.
ಜೇಬಿನಲ್ಲಿ ಹಶಾಬಿನ ಗೋಂದಿತ್ತು,
ಮೂರು ದಿನದಿಂದ ಜಗಿಯುತ್ತಿದ್ದದ್ದು.
ಉಗುಳಿ, ಉಂಡೆ ಮಾಡಿ, ಚಾಚಿದೆ.
ಅತ್ತೆ ನಕ್ಕಳು, ಊರು ಬಿಟ್ಟಮೇಲೆ ಮೊದಲ ಸಲ,
ತುಟಿ ಒಡೆದು ರಕ್ತ ಬಂತು.
"ಗೋಂದು ನೀರಲ್ಲಿ ಕರಗುತ್ತೋ, ಪೆದ್ದೇ."

ಏಣಿಯ ಎಲ್ಲಕ್ಕಿಂತ ಕೆಳಗಿನ ಗೂಟವನ್ನು
ಅಲ್ಲಾಡಿಸಿ ಅಲ್ಲಾಡಿಸಿ ಕಿತ್ತಳು.
ಕಲ್ಲಿಗೆ ಉಜ್ಜಿ ಮೊನೆ ಮಾಡಿದಳು.
"ಒಣಗಿದ ಕಟ್ಟಿಗೆ ಬೇಕು ಇದಕ್ಕೆ.
ಒಳಗೆ ಹೋಗಿ ನೀರು ಕುಡಿಯುತ್ತೆ, ಉಬ್ಬುತ್ತೆ,
ತಾನೇ ಬಿಗಿಯುತ್ತೆ."

ನಾವಿನ್ನು ಇಲ್ಲಿಗೆ ಬರುವುದಿಲ್ಲವಲ್ಲ, ಅಂದೆ.
ಗೂಟದ ಮೇಲೆ ಕಲ್ಲು ಬಿತ್ತು.
ಹೊಡೆದವರೇ ಬಂದು ಕುಡಿದರೆ, ಅಂದೆ.
ಇನ್ನೆರಡು ಏಟು ಬಿತ್ತು.
ಕಿವಿಯಿಟ್ಟು ಕೇಳಿದಳು.
ಹನಿಯ ಸದ್ದಿಲ್ಲ.

ಇಲ್ಲಿ ಗಡಿಯಾಚೆ, ನಲ್ಲಿಗೆ ಹೆಸರಿಲ್ಲ.
ನಾನು ಸಾಲಿನಲ್ಲಿ ಇನ್ನೂರ ಹನ್ನೊಂದು.
ಇರುಳೆಲ್ಲ ಅದು ಸೋರುತ್ತದೆ,
ಅತ್ತೆ ಚಾಪೆಯಲ್ಲಿ ಮಗ್ಗುಲು ಬದಲಿಸುತ್ತಾಳೆ,
ಕೊನೆಗೊಮ್ಮೆ ಎದ್ದು ಚಿಂದಿ ಹುಡುಕುತ್ತಾಳೆ.

ಕುಂಟೊಂಟೆಯ ವಿಷಯ ಯಾರಾದರೂ ಕೇಳಿದರೆ
ದಾರಿ ಹೇಳುತ್ತೇನೆ, ಇದನ್ನೂ ಹೇಳುತ್ತೇನೆ:
ಕೆಳಗಿನ ಗೂಟ ಈಗಿಲ್ಲ.
ಒಬ್ಬರೇ ಹೋಗಬೇಡಿ,
ಹತ್ತಲು ಯಾರದಾದರೂ ಹೆಗಲು ಬೇಕಾಗುತ್ತದೆ.